ರೆಪ್ಪೆ ಅಂಟಿಸಿದವಳ ಟಿಪ್ಸ್

ಮಾರ್ಚ್ ೧೪, ಶುಕ್ರವಾರ

ಥೂ, ಇನ್ನೂ ಮೈ ಉರಿಯುತ್ತಿದೆ. ಪಾರ್ಲರಿನ ಹುಡುಗಿ ಎರಡು ಗಂಟೆ ಬೆನ್ನು ಬಗ್ಗಿಸಿ, ಉಸಿರು ಬಿಗಿಹಿಡಿದು, ನನ್ನ ಕಣ್ಣಿಗೆ ಒಂದೊಂದೇ ರೆಪ್ಪೆಗೂದಲು ಅಂಟಿಸಿದಳು. ಹೊರಡುವಾಗ ಅವಳ ಕೈಗೆ ಟಿಪ್ಸ್ ಇಟ್ಟೆ. ಜೊತೆಗೆ ಬಂದಿದ್ದ ಓರಗಿತ್ತಿ ಆ ನೋಟನ್ನು ಅವಳ ಅಂಗೈಯಿಂದಲೇ ಎತ್ತಿಕೊಂಡು, "ಇವ್ಳಿಗೆ ದುಡ್ಡಿನ ಬೆಲೆ ಗೊತ್ತಿಲ್ಲಮ್ಮ, ನೀನು ತಪ್ಪು ತಿಳ್ಕೋಬೇಡ" ಎಂದು ನಕ್ಕು, ಬ್ಯಾಗಿನ ತಳದಿಂದ ಕರಗಿ ಅಂಟಾದ ಪೆಪ್ಪರಮೆಂಟೊಂದನ್ನು ಅಲ್ಲಿಟ್ಟಳು. ಎಂಜಲು ಕೈಯಲ್ಲಿ ಕಾಗೆ ಓಡಿಸದವಳು! ನಾನೋ, ಪರ್ಸಿನ ಜಿಪ್ ಎಳೆದುಕೊಂಡು ಓರಗಿತ್ತಿಯ ಹಿಂದೆಯೇ ಬಾಗಿಲಿಗೆ ನಡೆದೆ.

ಹುಡುಗಿ ನನ್ನನ್ನೇ ನೋಡಿ, "ನಾಳೆವರೆಗೂ ಕಣ್ಣಿಗೆ ನೀರು ತಾಗಿಸ್ಬೇಡಿ ಅಕ್ಕಾ, ಬಿದ್ದೋಗುತ್ತೆ" ಎಂದಳು.

ಮುಖ ಉಜ್ಜಿ ಉಜ್ಜಿ ತೊಳೆಯಬೇಕೆನಿಸುತ್ತಿದೆ. ತೊಳೆಯುವಂತಿಲ್ಲ. ಬಚ್ಚಲ ಕನ್ನಡಿಯಲ್ಲಿ ಈ ಹಾಳು ಕಣ್ಣುಗಳು ಮಾತ್ರ ಎಷ್ಟು ಚೆನ್ನಾಗಿ ಕಾಣುತ್ತಿವೆ.