ಕವನಾಳ ಕಂಪ್ಯೂಟರಿನ ಪಾರ್ಟ್ಸು

ಏಪ್ರಿಲ್ 11, ಶನಿವಾರ. ಮಧ್ಯಾಹ್ನ 3

ಬೆಳಿಗ್ಗೆಯಿಂದ ಅಂಗಡಿಯಲ್ಲಿ ಎರಡು ಸ್ಪ್ರೇಯರ್, ಮೂರು ವೀಡ್ ಕಟರ್ ರಿಪೇರಿ. ಒಂದರ ಕಾರ್ಬ್ಯುರೇಟರ್ ಮೂರು ಸಲ ಬಿಚ್ಚಿ ಜೋಡಿಸಿದೆ. ಸ್ಟಾರ್ಟ್ ಆಗಲಿಲ್ಲ. ಸೊಂಟ ಹಿಡಿದುಕೊಂಡಿದೆ. ಷಟರ್ ಎಳೆದು ಮಲಗೋಣ ಅನಿಸುತ್ತದೆ... ಅದನ್ನು ಒಯ್ಯಲು ಗೋಣಿಬೀಡಿನ ಎಸ್ಟೇಟ್ ಜೀಪು ಸಂಜೆ ಬರುತ್ತದಂತೆ. ಕೂತಿದ್ದೇನೆ.

ಈಗ ಕವನಾಳ ವಾಟ್ಸಾಪ್ ಬಂತು. ಮಗಳ ಮಾತು ಇತ್ತೀಚೆಗೆ ಮೊಬೈಲಿನಲ್ಲೇ ಬರುವುದು. "ಅಪ್ಪ, ಒಂದು ಗೇಮಿಂಗ್ ಕಂಪ್ಯೂಟರ್ ಜೋಡಿಸೋಣ್ವಾ? ರೆಡಿಮೇಡ್ ಬೇಡ. ಪಾರ್ಟ್ಸ್ ತರಿಸಿ ನಾವೇ." ಡಿಸೆಂಬರಿನಿಂದ ಈಚೆಗೆ ಇಷ್ಟು ಮಾತು ಇದೇ ಮೊದಲು.

ಡಿಸೆಂಬರಿನಲ್ಲಿ ಘಟ್ಟದ ಕೆಳಗಿನ ಕಾಲೇಜಿನ ಹಾಸ್ಟೆಲಿನಿಂದ ಅವಳನ್ನು ಕರೆತಂದೆ. ರೂಮ್‌ಮೇಟಿನ ಮೊಬೈಲು ಕಳೆದಿತ್ತು, ಇವಳೇ ತೆಗೆದಳು ಅಂದರು. ಪ್ರಿನ್ಸಿಪಾಲರು ಪೊಲೀಸ್ ಅಂತ ಬಾಯಿ ತೆಗೆಯುವಷ್ಟರಲ್ಲಿ ನಾನು ಕ್ಷಮಾಪಣೆ ಪತ್ರ ಬರೆದುಕೊಟ್ಟು, ಟಿಸಿ ಇಸಕೊಂಡು, ಸಂಜೆ ಬಸ್ಸಿಗೆ ಹೊರಡಿಸಿದೆ. ಗಲಾಟೆಯಿಲ್ಲದೆ ಮುಗಿಯಿತು. ಮೂಡಿಗೆರೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ. ಅವತ್ತಿನಿಂದ ಅವಳು ಗೇಟು ದಾಟಿಲ್ಲ. ಹದಿನೇಳು ವರ್ಷದ ಹುಡುಗಿ. ಊಟಕ್ಕೆ ಕರೆದರೆ 'ಸಾಕು', ಸ್ನಾನಕ್ಕೆ ಅಂದರೆ 'ಆಮೇಲೆ'.

ಹೆಂಡತಿ ಪ್ರೇಮಾಗೆ ಫೋನು ಮಾಡಿದೆ. "ಗೇಮ್ ಕೊಡಿಸಿದ್ರೆ ಆ ರೂಮಿಂದ ಹೊರಗೇ ಬರಲ್ಲ ರೀ ಅವ್ಳು" ಅಂದಳು. ನನಗೂ ಅದೇ ಭಯ. ಆದರೂ ಮಗಳಿಗೆ 'ಆಯ್ತು' ಅಂತ ಕಳಿಸಿದೆ. ಮತ್ತೇನು ಮಾಡಲಿ, ಬೇರೇನೂ ಕೇಳುವುದಿಲ್ಲ ಅವಳು.

ಏಪ್ರಿಲ್ 14, ಮಂಗಳವಾರ

ಪಟ್ಟಿ ಕೊಟ್ಟಳು. ಇಪ್ಪತ್ತೆರಡು ವರ್ಷ ಸ್ಪೇರ್ ಪಾರ್ಟ್ಸ್ ಮಾರಿದವನಿಗೆ ಇದೇನು ಮಹಾ ಅಂದುಕೊಂಡೆ. ತಲೆಬುಡ ತಿಳಿಯಲಿಲ್ಲ. ಊಟದ ಮೇಜಿನಲ್ಲಿ ಅವಳೇ ಬಿಡಿಸಿ ಹೇಳಿದಳು. ಮೊದಲು ಮದರ್‌ಬೋರ್ಡು. "ಅದನ್ನ ಹೊಸ ಥರದ್ದೇ ತಗೊಂಡ್ರೆ ಮೂರು ವರ್ಷ ಬಿಟ್ಟು ಪ್ರೊಸೆಸರ್ ಒಂದೇ ಬದ್ಲಾಯಿಸ್ಬಹುದು ಅಪ್ಪ." ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕಿಲ್ಲ, ಪ್ರೊಸೆಸರಿನೊಳಗೆ ಇರುವುದರಲ್ಲೇ ಸಣ್ಣಪುಟ್ಟ ಗೇಮ್ ನಡೆಯುತ್ತದಂತೆ. ಹಾಗಾದರೆ 750 ವಾಟಿನ ಪವರ್ ಸಪ್ಲೈ ಯಾಕೆ, ಅರ್ಧ ಸಾಕಲ್ಲ?

"ಬರೋ ವರ್ಷ ಕಾರ್ಡ್ ಹಾಕಿದಾಗ ಬೇಕಲ್ಲ. ನೀವು ತೋಟದವ್ರಿಗೆ ಹೇಳಲ್ವಾ, ಮುಂದೆ ಪೈಪ್ ಎಳೆಯೋದಿದ್ರೆ ಈಗ್ಲೇ ದೊಡ್ಡ ಮೋಟ್ರು ತಗಳಿ ಅಂತ?"

ನನ್ನ ವ್ಯಾಪಾರದ ಮಾತು ನನ್ನ ಮೇಲೇ. ನಗು ಬಂತು. ಪ್ರೇಮಾ ಒಂದೇ ಷರತ್ತು ಹಾಕಿದಳು — ಕಂಪ್ಯೂಟರ್ ಹಾಲಿನಲ್ಲೇ ಇರಬೇಕು, ಟಿವಿಗೇ ಜೋಡಿಸಬೇಕು. ಕವನಾ ಒಪ್ಪಿದಳು.

ಬರೋ ವರ್ಷ ಅಂದಳು. ಮೂರು ವರ್ಷ ಬಿಟ್ಟು ಅಂದಳು. ನಾಳೆಯ ಮಾತೇ ಎತ್ತದೆ ಕೂತಿದ್ದ ಮಗು. ಕೈ ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೋಗಿ ಅತ್ತೆ.

ಏಪ್ರಿಲ್ 29, ಬುಧವಾರ

ರ‍್ಯಾಮ್ ರೇಟು ಕಾಫಿ ರೇಟಿನ ಹಾಗೆ ಏರಿ ಕೂತಿದೆ. ಈಗ ಹದಿನಾರು ಜಿಬಿಯದು ಒಂದೇ, ಪಕ್ಕದ ಸ್ಲಾಟು ಖಾಲಿ. ಸ್ವಲ್ಪ ನಿಧಾನವಾಗುತ್ತದಂತೆ. "ಪರ್ವಾಗಿಲ್ಲ, ಕಾಯ್ತೀನಿ" ಅಂದಳು.

ಯುಪಿಎಸ್ ಮಾತ್ರ ನನ್ನ ಹಟ. ನಮ್ಮ ಕರೆಂಟನ್ನು ನಂಬಿದರೆ ನಿನ್ನ ಬೋರ್ಡು ಮೂರು ವರ್ಷವಲ್ಲ, ಮೂರು ವಾರ ಅಂದೆ. ಪಟ್ಟಿಯ ಕೊನೆಗೆ ಸೇರಿಸಿದಳು. ಪಕ್ಕದಲ್ಲಿ ಸಣ್ಣಗೆ 'ಅಪ್ಪ ಹೇಳಿದ್ದು' ಅಂತ. ಸೊಂಟನೋವು ಇವತ್ತು ಅಷ್ಟಿಲ್ಲ.

ಮೇ 19, ಮಂಗಳವಾರ

ಕೊರಿಯರಿನವನು ನಮ್ಮ ರಸ್ತೆಗೆ ಬರುವುದಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಹೋಗಿ ತರಬೇಕು. ನಾಲ್ಕು ಸಲ ಹೋದೆ. ಎಲ್ಲ ಬಂತು, ಇವನ್ನೆಲ್ಲ ಒಳಗೆ ಕೂರಿಸುವ ಕ್ಯಾಬಿನೆಟ್ಟಿನ ಗಾಜು ಮಾತ್ರ ಒಡೆದಿತ್ತು. ವಾಪಸ್ ಕಳಿಸಿದ್ದಾಯಿತು. ಇನ್ನೊಂದು ಬರುವವರೆಗೆ ಉಳಿದವೆಲ್ಲ ಅವಳ ಮೇಜಿನ ಮೇಲೆ ಡಬ್ಬಿಯಲ್ಲೇ. ದಿನಾ ತೆಗೆದು ನೋಡಿ ಮುಚ್ಚಿಡುತ್ತಾಳೆ.

ಮೇ 28, ಗುರುವಾರ. ಸಂಜೆ

ಮಳೆ ಹಿಡಿಯಿತು. ಅಂಗಡಿಯಲ್ಲಿ ವರ್ಷದ ಕೆಲಸ — ಚೈನು, ಬ್ಲೇಡು, ಬೇರಿಂಗು, ಇರುವ ಮಾಲಿಗೆಲ್ಲ ತೆಳ್ಳಗೆ ಮೆಷಿನ್ ಎಣ್ಣೆ ಸವರಿಡುವುದು. ಬಿಟ್ಟರೆ ಆಗಸ್ಟಿಗೆಲ್ಲ ತುಕ್ಕು. ಎರಡು ದಿನ ಹಿಡಿಯಿತು. ಭುಜ ಬಿದ್ದುಹೋಗಿದೆ.

ಎಣ್ಣೆ ಮಿಕ್ಕಿತ್ತು, ಮನೆಗೆ ತಂದೆ. ಕವನಾ ಸ್ನಾನಕ್ಕೆ ಹೋಗಿದ್ದಳು. ಅವಳು ಬರುವುದರೊಳಗೆ ಕೆಲಸ ಮುಗಿಸಿದೆ. ಪ್ರೊಸೆಸರಿನ ಅಡಿಯಲ್ಲಿ ಹಳದಿ ಚುಕ್ಕೆಗಳಿವೆ, ಒಂದೂ ಬಿಡದೆ ಹಚ್ಚಿದೆ. ರ‍್ಯಾಮಿನ ಅಂಚಿಗೆ ಹಚ್ಚಿದೆ. ಕೂಲರ್ ಫ್ಯಾನಿನ ಅಡಿಗೆ ಯಾರೋ ಬೂದು ಗ್ರೀಸು ಮೆತ್ತಿದ್ದರು, ಅದನ್ನು ಒರೆಸಿ ಫಳಫಳ ಮಾಡಿ ಎಣ್ಣೆ ಸವರಿದೆ. ಹೇಳಲಿಲ್ಲ. ಕ್ಯಾಬಿನೆಟ್ ಬಂದ ದಿನ ನೋಡಿ ಖುಷಿಪಡಲಿ. ಇನ್ನು ಎಷ್ಟು ಬೇಕಾದರೂ ಮಳೆ ಬರಲಿ.

ಜೂನ್ 2, ಮಂಗಳವಾರ

ಕ್ಯಾಬಿನೆಟ್ ಬಂತು. ಪ್ರೊಸೆಸರ್ ಡಬ್ಬಿ ತೆರೆದವಳು ಬೆರಳು ಮೂಸಿ ನೋಡಿದಳು. "ಇದೇನಪ್ಪ?" ಹೆಮ್ಮೆಯಿಂದ ಹೇಳಿದೆ. ಹೇಳುತ್ತಾ ಹೋದ ಹಾಗೆ ಅವಳ ಮುಖ ಇಳಿಯಿತು.

"ಇದು ಕಬ್ಬಿಣ ಅಲ್ಲ ಅಪ್ಪ. ತುಕ್ಕು ಹಿಡಿಯಲ್ಲ. ಕರೆಂಟ್ ಹೋಗೋ ಜಾಗಕ್ಕೆ ಎಣ್ಣೆ ಹಚ್ಚಿದೀರಿ. ನೀವು ಒರೆಸಿದ್ದು ಕೊಳೆ ಅಲ್ಲ, ಬಿಸಿ ಹೋಗ್ಲಿ ಅಂತ ಕಂಪನಿಯವ್ರು ಹಾಕಿದ್ದ ಪೇಸ್ಟು."

ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ. "ಹಚ್ಚೋ ಮುಂಚೆ ನನ್ನ ಒಂದು ಮಾತು ಕೇಳ್ಬಹುದಿತ್ತು. ನೀವು ಕೇಳೋದೇ ಇಲ್ಲ. ಅಲ್ಲೂ ಕೇಳ್ಲಿಲ್ಲ." ಬಾಗಿಲು ಹಾಕಿಕೊಂಡಳು.

'ಅಲ್ಲೂ' ಅಂದರೆ ಎಲ್ಲಿ ಅಂತ ಪ್ರೇಮಾ ಕೇಳಿದಳು. ನನಗೆ ಗೊತ್ತಿತ್ತು. ಪ್ರಿನ್ಸಿಪಾಲರ ಚೇಂಬರಿನಲ್ಲಿ ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು ಪೆನ್ನು ತೆಗೆದೆ, 'ನನ್ನ ಮಗಳಿಂದ ತಪ್ಪಾಗಿದೆ' ಅಂತ ಬರೆದೆ, ಸಹಿ ಹಾಕಿದೆ. ಅವಳ ಕಡೆ ತಿರುಗಿ ನೋಡಲಿಲ್ಲ. ತೆಗೆದಳೋ ಇಲ್ಲವೋ ಅಂತ ಆ ಹೊತ್ತಿಗೂ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ಊರಿಗೆ ಗೊತ್ತಾಗಬಾರದು ಅನ್ನುವುದೊಂದೇ ತಲೆಯಲ್ಲಿತ್ತು. ಎಂಥ ಅಪ್ಪ ನಾನು.

ಜೂನ್ 3

ಅವಳು ಊಟ ಮಾಡಿಲ್ಲ. ಅಂಗಡಿ ತೆರೆದಿಲ್ಲ. ಚಿಕ್ಕಮಗಳೂರಿನ ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿದೆ. ನಕ್ಕ. ಆಮೇಲೆ, ಇದಕ್ಕೆಂದೇ ಸಿಗುವ ಆಲ್ಕೋಹಾಲಿನಲ್ಲಿ ಒರೆಸಿದರೆ ಬದುಕಬಹುದು, ಗ್ಯಾರಂಟಿಯಿಲ್ಲ ಅಂದ.

ಜೂನ್ 5, ಶುಕ್ರವಾರ

ಬಸ್ಸಿಗೆ ಚಿಕ್ಕಮಗಳೂರಿಗೆ ಹೋಗಿ ಆಲ್ಕೋಹಾಲಿನ ಬಾಟಲಿ, ಪೇಸ್ಟಿನ ಟ್ಯೂಬು ತಂದೆ. ಬಾಗಿಲು ತಟ್ಟಿದೆ. ತೆರೆದಳು. ಎರಡನ್ನೂ ಮೇಜಿನ ಮೇಲಿಟ್ಟೆ, ಬೇರೆ ಯಾವುದನ್ನೂ ಮುಟ್ಟಲಿಲ್ಲ.

ಕೇಳಿದೆ. "ಕವನಾ, ಆ ಮೊಬೈಲು ನೀನು ತಗೊಂಡಿದ್ಯಾ?"

ಬಾಟಲಿ ಕೈಗೆತ್ತಿಕೊಂಡಳು.

"ಇಲ್ಲ."

ಆಮೇಲೆ, "ಕೇಳಕ್ಕೆ ಆರು ತಿಂಗ್ಳು ಬೇಕಾಯ್ತಾ ಅಪ್ಪ?" ಅಳಲಿಲ್ಲ. ನಾನು ಅತ್ತೆ, ಅವಳೆದುರಿಗೇ.

ಹತ್ತಿ ಸುತ್ತಿದ ಕಡ್ಡಿಯಲ್ಲಿ ಒಂದೊಂದೇ ಚುಕ್ಕೆ ಒರೆಸಿದಳು. ನಾನು ಟಾರ್ಚು ಹಿಡಿದೆ. ಜೋಡಿಸಿದಳು. ಮೊದಲ ಸಲ ಏನೂ ಇಲ್ಲ. ಬಿಚ್ಚಿ ಮತ್ತೆ ಒರೆಸಿ ಹಾಕಿದಳು — ಟಿವಿಯಲ್ಲಿ ಅಕ್ಷರ ಮೂಡಿತು. ಪ್ರೇಮಾ ಚಪ್ಪಾಳೆ ತಟ್ಟಿದಳು. ಕವನಾ ತಟ್ಟಲಿಲ್ಲ. ಟಿವಿ ನೋಡುತ್ತಲೇ ಕೇಳಿದಳು: "ನೀವು ಬರ್ದುಕೊಟ್ಟಿದ್ದನ್ನ ವಾಪಸ್ ತಗೊಳ್ಳಕ್ಕಾಗುತ್ತಾ?"

ಜೂನ್ 8, ಸೋಮವಾರ. ಬೆಳಿಗ್ಗೆ 5.40

ಆರೂಕಾಲರ ಬಸ್ಸಿಗೆ ಘಟ್ಟದ ಕೆಳಗಿನ ಆ ಕಾಲೇಜಿಗೆ ಹೋಗುತ್ತೇನೆ. ಪತ್ರ ಜೇಬಿನಲ್ಲಿದೆ. ನಾನು ಹೇಳಿದೆ, ಅವಳು ಹೊಸ ಕಂಪ್ಯೂಟರಿನಲ್ಲಿ ಟೈಪು ಮಾಡಿದಳು. ಗೇಮ್ ಒಂದೂ ಹಾಕಿಲ್ಲ ಇನ್ನೂ. 'ನನ್ನ ಮಗಳನ್ನು ಕೇಳದೆ ಸಹಿ ಮಾಡಿದ್ದು ನನ್ನ ತಪ್ಪು' ಅನ್ನುವ ಸಾಲಿನಲ್ಲಿ ಅವಳ ಕೈ ಸ್ವಲ್ಪ ಹೊತ್ತು ನಿಂತಿತು. ತಗೊಳ್ಳುತ್ತಾರೋ, ಬೈದು ಕಳಿಸುತ್ತಾರೋ. ನಿದ್ದೆಯಿಲ್ಲ, ಮೈಯೆಲ್ಲ ಭಾರ.

ನೀನು ಮನೇಲಿರು, ನಾನು ಹೋಗಿ ಬರ್ತೀನಿ ಅನ್ನಲು ಬಾಯಿ ತೆಗೆದವನು ತಡೆದುಕೊಂಡೆ. "ಬರ್ತೀಯಾ?" ಅಂತ ಕೇಳಿದೆ. ಎದ್ದು ಒಳಗೆ ಹೋದಳು. ಬರುವುದಿಲ್ಲ ಅಂದುಕೊಂಡು ಇದನ್ನು ಬರೆಯಲು ಕೂತೆ.

ಪ್ರೇಮಾ ಕಿಟಕಿಗೆ ಕರೆದಳು. ಗೇಟು ತೆರೆದಿದೆ. ಕವನಾ ಕೊಡೆ ಬಿಚ್ಚಿಕೊಂಡು ರಸ್ತೆಯಲ್ಲಿ ನಿಂತಿದ್ದಾಳೆ. ಗೇಟಿನ ಆಚೆ. "ಅಪ್ಪ ಬೇಗ ಬನ್ನಿ, ಬಸ್ಸು ಹೋಗ್ಬಿಡುತ್ತೆ" ಅಂತ ಕೂಗುತ್ತಿದ್ದಾಳೆ. ಹೊರಟೆ.