ಯಾರೋ ಬಲ್ಬು ಬದಲಾಯಿಸ್ತಿದ್ದಾರೆ

ಮನೆ, ನಮ್ಮಿಬ್ಬರ ರೂಮು
೧೮ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದೀಯೇ? ವಾಂತಿ ನಿಂತಿತಾ? ಹಡಗಿನ ಅಡುಗೆಮನೇಲಿ ಕೆಲಸ ಮಾಡೋಳಿಗೇ ಊಟ ಸೇರ್ತಿಲ್ಲ ಅಂತ ಬರೆದಿದ್ಯಲ್ಲ, ಅದನ್ನ ಅಮ್ಮ ನನ್ನ ಕೈಲಿ ಮೂರು ಸಲ ಓದಿಸಿದ್ಲು. ಬಿಸಿನೀರು ಕುಡಿ, ತಲೆಗೆ ಗಾಳಿ ಬಡಿಸ್ಕೋಬೇಡ, ಇದು ಅವಳ ಮಾತು. ಸಮುದ್ರದ ಮಧ್ಯೆ ನೆಟ್ ಇಲ್ಲ ಅಂದ್ಯಲ್ಲ, ಅದಕ್ಕೇ ಈ ಕಾಗದ. ಪೆನ್ನು ಹಿಡಿದು ಎಷ್ಟು ಕಾಲ ಆಯ್ತೋ, ಬೆರಳು ನೋಯ್ತಿದೆ. ಡಿಲೀಟ್ ಬಟನ್ ಬೇರೆ ಇಲ್ಲ, ಹೊಡೆದುಹಾಕಿದ್ದೆಲ್ಲ ಕಾಣತ್ತೆ, ಸಹಿಸ್ಕೋ.

ಈಗ ವಿಷಯಕ್ಕೆ ಬರ್ತೀನಿ. ನಮ್ಮನೆಗೆ ಕಳ್ಳ ಬರ್ತಿದಾನೆ. ಕದಿಯೋ ಕಳ್ಳ ಅಲ್ಲ, ಬದಲಾಯಿಸೋ ಕಳ್ಳ. ನಗಬೇಡ, ಪೂರ್ತಿ ಕೇಳು. ಅಪ್ಪ ಸಂಜೆ ಟ್ಯೂಷನ್ ಮುಗಿದ ಮೇಲೆ ಐದು ಮಕ್ಕಳನ್ನ ಕಾರಲ್ಲಿ ಅವರವರ ಮನೆಗೆ ಬಿಡ್ತಾರಲ್ಲ, ಆ ಕಾರಿನ ಹೆಡ್‌ಲೈಟು ನಿನಗೆ ಗೊತ್ತೇ ಇದೆ, ಹೊಗೆ ಹಿಡಿದ ಲಾಟೀನು ಅದಕ್ಕಿಂತ ವಾಸಿ. ನಾನು "ಹೆಡ್‌ಲೈಟ್ ಹುಚ್ಚರು" ಅಂತ ಒಂದು ಗ್ರೂಪಲ್ಲಿದೀನಿ. ಅದರ ಅಡ್ಮಿನ್‌ಗೆ ಎಲ್ಲರೂ ಫೋಕಸ್ ಗುರು ಅಂತಾರೆ. ಅಕ್ಕಾ, ಆ ಮನುಷ್ಯಂಗೆ ಗೊತ್ತಿಲ್ಲದ ಬಲ್ಬೇ ಇಲ್ಲ! ಮುನ್ನೂರ ನಲವತ್ತು ಮೆಸೇಜು ಕೂತು ಓದಿದೆ. ಎಲ್‌ಇಡಿ ಬಲ್ಬು ಹಾಕಿದ್ರೆ ಕರೆಂಟು ಅರ್ಧಕ್ಕಿಂತ ಕಮ್ಮಿ, ಬೆಳಕು ಜಾಸ್ತಿ, ಬ್ಯಾಟರಿಗೂ ನೆಮ್ಮದಿ. ತರಿಸಿ ನಾನೇ ಕೂರಿಸಿದೆ. ನೀರಿನ ಟ್ಯಾಂಕಿನ ಗೋಡೆ ಎದುರಿಗೆ ಕಾರು ನಿಲ್ಲಿಸಿ, ಟೇಪಲ್ಲಿ ಅಳೆದು, ಎದುರಿಂದ ಬರೋರ ಕಣ್ಣಿಗೆ ಹೊಡೀಬಾರ್ದು ಅಂತ ಬೆಳಕಿನ ಅಂಚು ಕೆಳಗಿಳಿಸಿದೆ. ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿತ್ತು. ಫೋಟೋಗೆ ಗುರು ಹೆಬ್ಬೆಟ್ಟು ತೋರಿಸಿದ್ರು. ನಾನು ನೆಲದ ಮೇಲೇ ಇರ್ಲಿಲ್ಲ. ಅಪ್ಪ ಸೀಟಲ್ಲಿ ಕೂತು ನೋಡಿ, "ಚೆನ್ನಾಗೇನೋ ಇದೆ ಕಣೇ, ಆದ್ರೆ ಎಲ್ಲಾ ಹಾಲು ಚೆಲ್ಲಿದ ಹಾಗೆ ಕಾಣತ್ತೆ" ಅಂದ್ರು. ಹಳೇ ಕಾಲದೋರು, ಹಳದಿ ಬೆಳಕಿಗೆ ಒಗ್ಗಿಹೋಗಿದಾರೆ ಅಂದ್ಕೊಂಡೆ.

ನಾಲ್ಕನೇ ದಿನ ನೋಡ್ತೀನಿ, ಹಳೇ ಹಳದಿ ಬಲ್ಬು ವಾಪಸ್! ಹೊಸವು ಡಿಕ್ಕೀಲಿ, ಅದೇ ಡಬ್ಬೀಲಿ, ಪೇಪರ್ ಸುತ್ತಿ, ಮಗೂನ ಮಲಗಿಸಿದ ಹಾಗೆ. ಯಾವ ಕಳ್ಳ ಪೇಪರ್ ಸುತ್ತಿಡ್ತಾನೆ ಹೇಳು. ಮತ್ತೆ ಹಾಕಿದೆ. ಮತ್ತೆ ಹಳದಿ. ಮೊದಲ ಅನುಮಾನ ಗ್ಯಾರೇಜಿನ ಗ್ರೀಸ್ ಮಾವನ ಮೇಲೆ. ಯಾಕಂದ್ರೆ ಅವರು ಮೊದಲೇ, "ನಿಮ್ಮ ಗ್ರೂಪಿನೋರನ್ನ ಒಂದಿನ ಸ್ಪ್ಯಾನರ್ ಹಿಡ್ಕೊಂಡು ಬರಕ್ಕೆ ಹೇಳು, ಆಮೇಲೆ ಮಾತಾಡಣ" ಅಂತ ಕೊಂಕು ಆಡಿದ್ರು. ಹೋಗಿ ನೇರವಾಗೇ ಕೇಳಿದೆ. "ನನಗೆ ಬೇರೆ ಕಸುಬಿಲ್ವೇನಮ್ಮಾ, ಲೈಟಮ್ಮಾ" ಅಂದ್ರು. ಈಗ ಇಡೀ ಗ್ಯಾರೇಜಿಗೆ ನಾನು ಲೈಟಮ್ಮ. ಅಮ್ಮನ ಮೇಲೂ ಒಂದಿನ ಕಣ್ಣಿಟ್ಟೆ. ಬಾನೆಟ್ ತೆಗಿ ಅಂದ್ರೆ ವೈಪರ್ ಓಡಿಸ್ತಾಳೆ, ಕೈಬಿಟ್ಟೆ. ಗ್ರೂಪಲ್ಲಿ ಕೇಳಿದ್ರೆ ಒಬ್ಬ ದೆವ್ವ ಇರಬಹುದು ಅಂದ, ಅವನಿಗೆ ಹನ್ನೆರಡು ಲೈಕು. ಅಪ್ಪನ ಮೇಲೆ ಮಾತ್ರ ಅನುಮಾನ ಬರ್ಲಿಲ್ಲ. ಪ್ರತಿ ಸಲ ನನಗಿಂತ ಮುಂಚೆ ಅವರೇ, "ಅಯ್ಯೋ, ಮತ್ತೆ ಹಳದೀನಾ? ಏನು ಕಾಲ ಬಂತಪ್ಪಾ" ಅಂತ ಲೊಚಗುಟ್ತಿದ್ರು.

ಆಮೇಲೆ ಬಲೆ ಬೀಸಿದೆ. ನಿನ್ನ ಕೆಂಪು ನೇಲ್ ಪಾಲಿಶ್ (ಬೈಬೇಡ, ತಳದಲ್ಲಿ ಸ್ವಲ್ಪ ಇನ್ನೂ ಇದೆ) ತಗೊಂಡು ಬಲ್ಬಿನ ಹಿಂದಿನ ರಬ್ಬರ್ ಮುಚ್ಚಳಕ್ಕೂ ಲೈಟಿನ ಗೂಡಿಗೂ ಸೇರಿಸಿ ಒಂದು ಗೀಟು ಎಳೆದೆ. ಹಿಂದಿನ ವಾರ ಗುರುವಾರ ಆ ಗೀಟು ತುಂಡಾಗಿತ್ತು, ಅಂದ್ರೆ ದೆವ್ವ ಅಲ್ಲ, ಯಾರದೋ ಕೈ. ಶುಕ್ರವಾರ ಬೆಳಿಗ್ಗೆ ಮತ್ತೆ ಎಲ್‌ಇಡಿ ಹಾಕಿ, ಕಾಲೇಜಿಗೆ ಹೋಗ್ತೀನಿ ಅಂತ ಹೊರಟು, ಹಿತ್ತಲಿಂದ ಒಳಗೆ ಬಂದು, ಅಡುಗೆಮನೆ ಕಿಟಕಿ ಹಿಂದೆ ಫೋನಲ್ಲಿ ವಿಡಿಯೋ ಆನ್ ಮಾಡ್ಕೊಂಡು ನಿಂತೆ. ಗ್ರೂಪಿಗೆ ಲೈವ್ ತೋರಿಸ್ಬೇಕು ಅಂತಿದ್ದೆ.

ಹನ್ನೊಂದೂವರೆಗೆ ಅಪ್ಪ ಬಂದ್ರು. ಕೈಯಲ್ಲಿ ಒಗೆದ ಬಿಳಿ ಬಟ್ಟೆ, ಹಳೇ ಬಲ್ಬಿನ ಗಾಜು ಬರಿಗೈಲಿ ಮುಟ್ಟಬಾರ್ದು ಅಂತ ನಮಗೆ ಹೇಳಿಕೊಟ್ಟವರೇ ಅವರಲ್ವಾ. ಸಿಕ್ಕಿಬಿದ್ರಲ್ಲ ಯಜಮಾನ್ರು ಅಂತ ನಗು ತಡೆಯಕ್ಕಾಗ್ಲಿಲ್ಲ. ಅಷ್ಟರಲ್ಲಿ ಆ ರಬ್ಬರ್ ಮುಚ್ಚಳ ಅವರ ಕೈಜಾರಿ ಬಿತ್ತು. ಸಿಮೆಂಟ್ ಅಂಗಳ, ನೆತ್ತಿ ಸುಡೋ ಬಿಸಿಲು, ಕರೀ ಮುಚ್ಚಳ, ಎಡಗಾಲಿನ ಪಕ್ಕದಲ್ಲೇ ಇದೆ. ಅಪ್ಪ ಕುಕ್ಕರಗಾಲಲ್ಲಿ ಕೂತು ನೆಲ ಸವರಕ್ಕೆ ಶುರು ಮಾಡಿದ್ರು. ಅಂಗೈ ಅಗಲ ಮಾಡಿ, ಇಲ್ಲಿ, ಅಲ್ಲಿ, ಟೈರಿನ ಹಿಂದೆ. ಕೊನೆಗೆ ಕಾಲಿಗೆ ತಗುಲಿದಾಗ ಸಿಕ್ತು. ಆಮೇಲೆ ಬಲ್ಬಿನ ಮೂರು ತಗಡಿನ ಕಿವಿ ಯಾವ ಕಡೆ ಇವೆ ಅಂತ ನೋಡಕ್ಕೆ ಅದನ್ನ ಮೂಗಿನ ತುದಿವರೆಗೂ ತಂದ್ರು. ನಾನು ವಿಡಿಯೋ ನಿಲ್ಲಿಸ್ದೆ. ಅಳಿಸ್ದೆ. ಹಾಲು ಚೆಲ್ಲಿದ್ದು ಬಲ್ಬಿನಿಂದ ಅಲ್ಲ ಅಕ್ಕಾ, ಅವರ ಕಣ್ಣಲ್ಲಿ. ಬೆಳಕು ಜೋರಾದಷ್ಟೂ ಅವರಿಗೆ ಎಲ್ಲಾ ಬಿಳೀ ಆಗ್ತಿದೆ, ಹಳದೀಲಿ ಹೇಗೋ ನಿಭಾಯಿಸ್ತಿದ್ರು.

ಸಂಜೆ ನಾನೇ, "ಅಪ್ಪಾ, ಈ ಬಲ್ಬು ಸರಿಯಿಲ್ಲ ಅಂತ ಗ್ರೂಪಲ್ಲಿ ಹೇಳ್ತಿದಾರೆ, ಹಳೇದೇ ಇರ್ಲಿ" ಅಂದೆ. "ನಾನು ಹೇಳ್ಲಿಲ್ವಾ" ಅಂತ ಬೆನ್ನು ತಟ್ಟಿದ್ರು. ಗುರುಗೂ ಸುಳ್ಳು ಬರೆದೆ, ಬಲ್ಬು ಕೆಟ್ಟಿತ್ತು ಅಂತ. ಅವತ್ತಿಂದ ಗಾಳಿ ಬೇಕು ಅಂತ ನೆಪ ಹೇಳಿ ಮುಂದಿನ ಸೀಟಲ್ಲಿ ಕೂತು ಜೊತೆಗೆ ಹೋಗ್ತಿದೀನಿ. "ಅಪ್ಪಾ, ಎಡಗಡೆ ಸೈಕಲ್" ಅಂತೀನಿ. "ನೋಡಿದೆ ಕಣೇ" ಅಂತಾರೆ. ಬ್ರೇಕು ಮಾತ್ರ ನಾನು ಹೇಳಿದ ಮೇಲೇ ಬೀಳತ್ತೆ. ಹಿಂದೆ ಐದು ಮಕ್ಕಳು ಹಾಡು ಹೇಳ್ತಿರ್ತವೆ. ಅಮ್ಮಂಗೆ ಇನ್ನೂ ಹೇಳಿಲ್ಲ. ಆ ಕೆಲಸ ಬಿಟ್ರೆ ಅಪ್ಪ ಸಂಜೆ ಹೊತ್ತು ಏನು ಮಾಡ್ತಾರೆ, ಅದೂ ನನಗೆ ಗೊತ್ತಿಲ್ಲ.

ಅಮ್ಮ ನಿನಗೆ ನೂರು ಮುತ್ತು ಕಳಿಸಿದಾಳೆ, ಅಪ್ಪ "ಹುಷಾರು ಅಂತ ಬರಿ" ಅಂದ್ರು, ಬರೆದಿದೀನಿ. ನಿನ್ನ ದಿಂಬು ನಾನೇ ಇಟ್ಕೊಂಡಿದೀನಿ, ಬಂದ ಮೇಲೆ ಜಗಳ ಆಡಣ.

ನಿನ್ನ ಪತ್ತೇದಾರಿ ತಂಗಿ,
ಚಿಲ್ಟಾರಿ

ತಾ.ಕ.: ಅಂಟಿಸಿದ ಕವರು ಹರಿದು ಮತ್ತೆ ಬರೀತಿದೀನಿ. ಈಗಷ್ಟೇ ಕಾರು ಒರೆಸೋವಾಗ, ಬಿಸಿಲಿಗೆ ಅಡ್ಡ ಇಳಿಸ್ತೀವಲ್ಲ ಆ ಪಟ್ಟಿ ಹಿಂದೆ ಒಂದು ಚೀಟಿ ಸಿಕ್ತು. ಅಪ್ಪನ ಕೈಬರಹ. ಮೇಲೆ ಒಂದೇ ಅಕ್ಷರ, ಕೆಳಗೆ ಎರಡು, ಅದರ ಕೆಳಗೆ ಮೂರು, ಹೀಗೆ ಎಂಟು ಸಾಲು. ಪಾಸ್‌ವರ್ಡ್ ಇರ್ಬೇಕು ಅಂದ್ಕೊಂಡೆ. ಅಲ್ಲ. ಕಣ್ಣು ಪರೀಕ್ಷೆ ಮಾಡೋ ಕಡೆ ಗೋಡೆಗೆ ತೂಗುಹಾಕಿರ್ತಾರಲ್ಲ, ಆ ಬೋರ್ಡು. ಮುಂದಿನ ತಿಂಗಳು ಮೂರನೇ ತಾರೀಖು ಅವರ ಲೈಸೆನ್ಸ್ ರಿನ್ಯೂ ಮಾಡಿಸ್ಬೇಕು, ಅದಕ್ಕೆ ಕಣ್ಣು ಪರೀಕ್ಷೆ ಇರತ್ತೆ. ಬೆಳಿಗ್ಗೆ ಬಚ್ಚಲಲ್ಲಿ ಏನೋ ಗುನುಗ್ತಾರೆ, ಹಾಡು ಅಂತಿದ್ಲು ಅಮ್ಮ, ಹಾಡಲ್ಲ, ಇದೇ ಅಕ್ಷರಗಳು. ಬಂದರು ಸಿಕ್ಕ ತಕ್ಷಣ ಫೋನ್ ಮಾಡೇ. ನನ್ನ ಮಾತು ತಮಾಷೆ ಅವರಿಗೆ, ನೀನು ಹೇಳಿದ್ರೆ ಕಣ್ಣಿನ ಡಾಕ್ಟರ್ ಹತ್ರ ಹೋಗ್ತಾರೆ. ಮೂರನೇ ತಾರೀಖಿಗೆ ಮುಂಚೆ, ಮರೀಬೇಡ. ಎಂಟೂ ಸಾಲು ಬಾಯಿಪಾಠ ಆಗಿಹೋಗಿದೆ ಅಕ್ಕಾ, ಪಾಸಾಗಿಬಿಡ್ತಾರೆ.