ದೇವಮ್ಮಕ್ಕನ ಖಾಲಿ ಕೊಡಪಾನ

೪-೫-೧೯೬೨, ಶುಕ್ರವಾರ. ಐವರ್ನಾಡು.

ಮೂರನೆಯ ಬಾವಿ ರದ್ದು! ಗುಡ್ಡದ ತಲೆಯಲ್ಲಿ ಸರಕಾರ ತೋಡಿಸಿದ ಎರಡು ಬಾವಿಗಳಲ್ಲೂ ನೀರಿಲ್ಲ; ಇನ್ನೊಂದು ದಂಡ ಬೇಡವೆಂದು ನಾನು ಬರೆದ ಏಳು ಅರ್ಜಿಗಳಿಗೆ ಉತ್ತರವೇ ಇರಲಿಲ್ಲ. ಇಂದು ಜಾಗ ಗುರುತಿಸಲು ಇಂಜಿನಿಯರರೇ ಬಂದರು. ಗುಡ್ಡ ಹತ್ತಿದ ಆಯಾಸಕ್ಕೆ ನೀರು ಕೇಳಿದರು. ನೆರೆಮನೆಯ ದೇವಮ್ಮಕ್ಕ ವಾಡಿಕೆಯಂತೆ ಮೊದಲು ಬೆಲ್ಲ ಕೊಟ್ಟರು. ಆಮೇಲೆ ಸರಕಾರಿ ಬಾವಿಗೆ ಕೊಡಪಾನ ಇಳಿಸಿ, ಎಳೆದು, ಖಾಲಿಯದನ್ನೇ ಅವರ ಮುಂದಿಟ್ಟರು.

"ಏನಮ್ಮ ಇದು?"

"ನಿಮ್ಮದೇ ಬಾವಿದ್ದು ಸ್ವಾಮಿ, ಕುಡೀರಿ. ಸಾಲದಿದ್ರೆ ಆಚೆ ಇನ್ನೊಂದು ಬಾವಿಯೂ ಉಂಟಲ್ಲ."

ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಏನು ಹೇಳಿಯಾರು ಪಾಪ! ತಾವು ತಂದಿದ್ದ ಮೂರನೆಯ ಬಾವಿಯ ಮಂಜೂರಿ ಕಾಗದಕ್ಕೆ ಅಡ್ಡ ಗೀಟು ಎಳೆದು ಸಹಿ ಹಾಕಿದರು.

ಸಹಿ ಬಿದ್ದ ಮೇಲೆಯೇ ದೇವಮ್ಮಕ್ಕ ಒಳಗೆ ಹೋಗಿ ತಣ್ಣೀರು ತಂದದ್ದು. ಏಳು ಅರ್ಜಿ ಬರೆದ ನನಗೆ ಇದು ಯಾಕೆ ಹೊಳೆಯಲಿಲ್ಲ...